ತೋಟಾ ದೊಡ್ಡದಿದ್ರೆ ಸಾಲದು, ಗುಂಡು ಗೊತ್ತಿರಬೇಕು

ಆಂಡರ್ಸನ್ ಕೈಯಲ್ಲಿದ್ದ .405, ಕಾರ್ಬೆಟ್ ಅವರ .275, ಕೊಲೊರಾಡೊ ಬೇಟೆಗಾರನ .30-06. ಈ ಅಂಕಿಗಳು ಏನು ಹೇಳುತ್ತವೆ? ದೊಡ್ಡ ಪ್ರಾಣಿಯ ಬೇಟೆಗೆ ತೋಟಾ ಆರಿಸೋದು ಗತ್ತಿನ ವಿಷಯವಲ್ಲ, ಹೊಣೆಯ ವಿಷಯ. ಯಾಕೆ ಅಂತ ನೋಡೋಣ.

ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕತೆಗಳು’ ಓದಿ ಬೆಳೆದವರು ನಮ್ಮಲ್ಲಿ ಬಹಳ ಜನ. ಬೆಂಗಳೂರಿನಲ್ಲಿ ನೆಲೆಸಿದ್ದ ಕೆನೆತ್ ಆಂಡರ್ಸನ್ ಮರದ ಮೇಲೆ ಅಟ್ಟಣೆ ಕಟ್ಟಿಕೊಂಡು ರಾತ್ರಿಯಿಡೀ ನರಭಕ್ಷಕನಿಗಾಗಿ ಕಾಯೋದನ್ನು ಉಸಿರು ಬಿಗಿಹಿಡಿದು ಓದಿರ್ತೀವಿ. ಅವರ ಮೆಚ್ಚಿನ ರೈಫಲ್ ವಿಂಚೆಸ್ಟರ್ ಕಂಪನಿಯ .405. ಜಿಮ್ ಕಾರ್ಬೆಟ್ ಓದಿದವರಿಗೆ .275 ರಿಗ್ಬಿ ಎಂಬ ಹೆಸರು ನೆನಪಿರುತ್ತದೆ. ಆದರೆ ಆ ಅಂಕಿ ಬಂದಾಗ ನಾವು ಏನು ಮಾಡ್ತೀವಿ? ದಾಟಿಕೊಂಡು ಮುಂದೆ ಹೋಗ್ತೀವಿ. ಹುಲಿ ಎಲ್ಲಿ ಅನ್ನೋದಷ್ಟೇ ನಮಗೆ ಮುಖ್ಯ.

ಈಗ ಅದೇ ಅಂಕಿಗಳು ಬೇರೆ ದಾರಿಯಲ್ಲಿ ನಮ್ಮ ಫೋನಿಗೆ ಬರ್ತಿವೆ. ಅಕ್ಟೋಬರ್ ಬಂತೆಂದರೆ ಅಮೆರಿಕದ ಸಹೋದ್ಯೋಗಿ ‘ಎಲ್ಕ್ ಸೀಸನ್, ಒಂದು ವಾರ ಸಿಗಲ್ಲ’ ಅಂತ ಮೆಸೇಜ್ ಹಾಕುತ್ತಾನೆ. ಡೆನ್ವರ್‌ನಲ್ಲಿರೋ ಸ್ನೇಹಿತನಿಗೆ ಅವನ ಪಕ್ಕದ ಮನೆಯವರು ‘ಬರ್ತೀಯಾ ನಮ್ಮ ಜೊತೆ?’ ಅಂತ ಕೇಳುತ್ತಾರೆ. ಯೂಟ್ಯೂಬ್‌ನಲ್ಲಿ ಯಾರೋ ಇಬ್ಬರು ‘ಇದು ದೊಡ್ಡದು, ಅದು ದೊಡ್ಡದು’ ಅಂತ ಗಂಟೆಗಟ್ಟಲೆ ವಾದ ಮಾಡ್ತಿರ್ತಾರೆ.

ಆ ವಾದದಲ್ಲಿ ಬಹಳ ಸಲ ಕಳೆದುಹೋಗೋದು ಒಂದೇ ಪ್ರಶ್ನೆ: ಆ ಪ್ರಾಣಿ ನರಳದೆ ಸಾಯುತ್ತದಾ?

ಮೊದಲು ಕಾನೂನು

ಭಾರತದಲ್ಲಿ ಈ ಆಯ್ಕೆಯ ಪ್ರಶ್ನೆಯೇ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಮೋಜಿನ ಬೇಟೆ ಅಪರಾಧ. ಮನುಷ್ಯರ ಜೀವಕ್ಕೆ ಅಪಾಯವಾದ ಪ್ರಾಣಿಯನ್ನು ಏನು ಮಾಡಬೇಕು ಅನ್ನೋದನ್ನು ನಿರ್ಧರಿಸೋದು ಮುಖ್ಯ ವನ್ಯಜೀವಿ ಪರಿಪಾಲಕರು. ಕೋವಿ ಇದ್ದವರಲ್ಲ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸ್‌ನಿಂದ ವಿನಾಯಿತಿ ಇದೆ, ಕೈಲ್ ಪೊಳ್ದ್ ಹಬ್ಬದಲ್ಲಿ ಕೋವಿಗೆ ಪೂಜೆಯೂ ಆಗುತ್ತದೆ. ಆದರೆ ಅದು ಕೋವಿ ಇಟ್ಟುಕೊಳ್ಳೋ ಹಕ್ಕು ಮಾತ್ರ. ಬೇಟೆಯ ಹಕ್ಕಲ್ಲ.

ಅಮೆರಿಕದ ಕತೆ ಬೇರೆ. ಅಲ್ಲಿ ಪ್ರತಿ ರಾಜ್ಯದ ವನ್ಯಜೀವಿ ಇಲಾಖೆ ಎಷ್ಟು ಪ್ರಾಣಿ, ಯಾವ ವಲಯದಲ್ಲಿ, ಯಾವ ವಾರ ಅಂತ ಲೆಕ್ಕ ಹಾಕಿ ಲೈಸೆನ್ಸ್ ಕೊಡುತ್ತದೆ. ಬೇಟೆಯ ರೈಫಲ್ ಮತ್ತು ತೋಟಾ ಮೇಲೆ ಶೇ. 11ರ ಫೆಡರಲ್ ತೆರಿಗೆ ಇದ್ದು, ಆ ಹಣ 1937ರ ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆಯ ಪ್ರಕಾರ ವನ್ಯಜೀವಿ ಸಂರಕ್ಷಣೆಗೇ ಹೋಗುತ್ತದೆ. ಈ ವ್ಯವಸ್ಥೆ ಸರಿಯಾ ತಪ್ಪಾ ಅನ್ನೋದು ಬೇರೆ ಚರ್ಚೆ. ಬೇಟೆ ಕಾನೂನುಬದ್ಧವಾಗಿರೋ ಕಡೆ ಅದನ್ನು ಆದಷ್ಟು ಕಡಿಮೆ ಕ್ರೂರವಾಗಿ ಮಾಡೋದು ಹೇಗೆ ಅನ್ನೋದಷ್ಟೇ ಇಲ್ಲಿಯ ವಿಷಯ.

ತೋಟಾ ಒಳಗೆ ಏನಿರುತ್ತೆ?

ಮಲೆನಾಡಿನ ಹಳೇ ಕೇಪಿನ ಕೋವಿಯನ್ನು ಕಂಡವರಿಗೆ ಇದು ಸುಲಭ. ಆ ಕೋವಿಗೆ ಮದ್ದು ಬೇರೆ, ಗುಂಡು ಅಥವಾ ಚರೆ ಬೇರೆ, ಕೇಪು ಬೇರೆ. ಒಂದೊಂದಾಗಿ ತುಂಬಿ, ಗಜದಿಂದ ಜಡಿಯಬೇಕಿತ್ತು. ತೋಟಾ ಅಂದ್ರೆ ಇವೆಲ್ಲ ಒಂದೇ ಹಿತ್ತಾಳೆ ಕೊಳವೆಯಲ್ಲಿ ಪ್ಯಾಕ್ ಆಗಿ ಬಂದದ್ದು. ತಳದಲ್ಲಿ ಕೇಪು, ಒಳಗೆ ಮದ್ದು, ತುದಿಯಲ್ಲಿ ಗುಂಡು. ಹಾರಿಹೋಗೋದು ಗುಂಡು ಮಾತ್ರ. ಹಿತ್ತಾಳೆ ಕೊಳವೆ ರೈಫಲ್‌ನಲ್ಲೇ ಉಳಿದು ಆಮೇಲೆ ಹೊರಗೆ ಬೀಳುತ್ತದೆ.

ಈ ವ್ಯತ್ಯಾಸ ನೆನಪಿಟ್ಟುಕೊಳ್ಳಿ. ಅಂಗಡಿಯಲ್ಲಿ ಜನ ಮಾತಾಡೋದು ತೋಟಾ ಬಗ್ಗೆ: ಯಾವುದು ಉದ್ದ, ಯಾವುದರಲ್ಲಿ ಮದ್ದು ಹೆಚ್ಚು, ಯಾವುದು ಮ್ಯಾಗ್ನಮ್. ಆದರೆ ಪ್ರಾಣಿಯನ್ನು ಮುಟ್ಟೋದು ಗುಂಡು ಒಂದೇ. ಬಸ್ಸು ಎಷ್ಟೇ ದೊಡ್ಡದಿರಲಿ, ಕೊನೆಗೆ ಇಳಿದು ಕೆಲಸ ಮಾಡೋದು ಪ್ರಯಾಣಿಕನೇ ಅಲ್ವಾ?

ಅಂಕಿ ಓದೋದು ಹೇಗೆ?

ಮೊದಲ ಅಂಕಿ ಗುಂಡಿನ ದಪ್ಪ. .30 ಅಂದ್ರೆ ಒಂದು ಇಂಚಿನ ನೂರರಲ್ಲಿ ಮೂವತ್ತು ಭಾಗ, ಸುಮಾರು 7.6 ಮಿ.ಮೀ. ಎರಡನೇ ಅಂಕಿಗೆ ಒಂದೇ ನಿಯಮ ಅಂತಿಲ್ಲ. .30-06ರಲ್ಲಿ 06 ಅಂದ್ರೆ ಅಮೆರಿಕದ ಸೇನೆ ಅದನ್ನು ಒಪ್ಪಿಕೊಂಡ 1906ನೇ ಇಸವಿ. 7×57ರಲ್ಲಿ 7 ಗುಂಡಿನ ದಪ್ಪ, 57 ಹಿತ್ತಾಳೆ ಕೊಳವೆಯ ಉದ್ದ, ಎರಡೂ ಮಿಲಿಮೀಟರಿನಲ್ಲಿ. ಇದೇ 7×57ಕ್ಕೆ ಲಂಡನ್ನಿನ ರಿಗ್ಬಿ ಕಂಪನಿ ಇಟ್ಟ ಹೆಸರು .275. ಚಂಪಾವತ್ ನರಭಕ್ಷಕಿಯನ್ನು 1907ರಲ್ಲಿ ಕೊಂದದ್ದಕ್ಕೆ ಕಾರ್ಬೆಟ್ ಅವರಿಗೆ ಉಡುಗೊರೆಯಾಗಿ ಬಂದದ್ದು ಈ ರೈಫಲ್.

ಗುಂಡಿನ ತೂಕವನ್ನು ಗ್ರೇನ್ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಗ್ರೇನ್ ಅಂದ್ರೆ 0.065 ಗ್ರಾಂ. ನಮ್ಮ ಅಕ್ಕಸಾಲಿಗರ ಗುಲಗಂಜಿ ತೂಕದ ಸುಮಾರು ಅರ್ಧ. 180 ಗ್ರೇನ್ ಗುಂಡು ಹತ್ತಿರ ಹತ್ತಿರ 12 ಗ್ರಾಂ, ಒಂದು ಸಣ್ಣ ಚಿನ್ನದ ಸರದಷ್ಟು. ಅಷ್ಟು ತೂಕ 300 ಕಿಲೋ ಪ್ರಾಣಿಯನ್ನು ಬೀಳಿಸಬೇಕು.

ಅದು ಆಗೋದು ವೇಗದಿಂದ. .30-06ರ 180 ಗ್ರೇನ್ ಗುಂಡು ನಳಿಗೆಯಿಂದ ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಹೊರಡುತ್ತದೆ. ಪಿಯುಸಿಯಲ್ಲಿ ಓದಿದ ಚಲನಶಕ್ತಿಯ ಸೂತ್ರ ನೆನಪಿದೆಯಾ? ತೂಕ ದುಪ್ಪಟ್ಟಾದರೆ ಶಕ್ತಿ ದುಪ್ಪಟ್ಟು, ವೇಗ ದುಪ್ಪಟ್ಟಾದರೆ ನಾಲ್ಕು ಪಟ್ಟು. ಆ ಲೆಕ್ಕದಲ್ಲಿ ಬೇರೆ ಬೇರೆ ತೋಟಾಗಳು ನಳಿಗೆಯ ಬಾಯಲ್ಲಿ ಸುಮಾರಾಗಿ ಹೀಗೆ ನಿಲ್ಲುತ್ತವೆ:

• .243 ವಿಂಚೆಸ್ಟರ್, 100 ಗ್ರೇನ್: 2,600 ಜೂಲ್
• 6.5 ಕ್ರೀಡ್‌ಮೋರ್, 140 ಗ್ರೇನ್: 3,000 ಜೂಲ್
• .30-06 ಸ್ಪ್ರಿಂಗ್‌ಫೀಲ್ಡ್, 180 ಗ್ರೇನ್: 3,900 ಜೂಲ್
• .405 ವಿಂಚೆಸ್ಟರ್, 300 ಗ್ರೇನ್: 4,400 ಜೂಲ್
• .375 ಹಾಲಂಡ್ ಅಂಡ್ ಹಾಲಂಡ್, 300 ಗ್ರೇನ್: 5,800 ಜೂಲ್
• .458 ವಿಂಚೆಸ್ಟರ್ ಮ್ಯಾಗ್ನಮ್, 500 ಗ್ರೇನ್: 6,200 ಜೂಲ್

ಪಟ್ಟಿ ನೋಡಿದ ತಕ್ಷಣ ‘ಕೆಳಗಿನದೇ ತಗೊಂಡ್ರಾಯ್ತು’ ಅನ್ನಿಸುತ್ತದೆ. ಎಡವೋದು ಇಲ್ಲೇ.

ಪ್ರಾಣಿ ಸಾಯೋದು ಸದ್ದಿಗಲ್ಲ

ಗುಂಡು ತಾಗಿದ ಕೂಡಲೇ ಪ್ರಾಣಿ ಹಾರಿ ಬೀಳೋದು ಸಿನಿಮಾದಲ್ಲಿ. ನಿಜದಲ್ಲಿ ಅದು ಸಾಯೋದು ಎರಡು ಕಾರಣಕ್ಕೆ: ಮಿದುಳು ಅಥವಾ ಬೆನ್ನುಹುರಿ ಕಡಿದುಹೋದರೆ, ಇಲ್ಲವೇ ಹೃದಯ-ಶ್ವಾಸಕೋಶ ಒಡೆದು ಮಿದುಳಿಗೆ ರಕ್ತ ನಿಂತರೆ. ಮಿದುಳು ಚಿಕ್ಕ ಗುರಿ, ತಲೆ ಸದಾ ಅಲ್ಲಾಡುತ್ತಿರುತ್ತದೆ. ಹಾಗಾಗಿ ಬೇಟೆಗಾರರಿಗೆ ಕಲಿಸೋದು ಮುಂಗಾಲಿನ ಹಿಂದೆ, ಎದೆಗೂಡಿಗೆ ಗುರಿ ಇಡೋದನ್ನು. ಎರಡೂ ಶ್ವಾಸಕೋಶ ತೂತಾದ ಪ್ರಾಣಿ ಕೂಡ ಕೆಲವೊಮ್ಮೆ ಐವತ್ತು ನೂರು ಮೀಟರ್ ಓಡಿಯೇ ಬೀಳುತ್ತದೆ. ಅದೇ ಗುಂಡು ಒಂದು ಮೊಳ ಹಿಂದೆ, ಹೊಟ್ಟೆಗೆ ಬಿದ್ದರೆ ಗಂಟೆಗಟ್ಟಲೆ ನರಳಾಟ.

ಅಂದ್ರೆ ಗುಂಡಿಗೆ ಎರಡು ಕೆಲಸ. ಒಂದು, ಚರ್ಮ, ಸ್ನಾಯು, ಪಕ್ಕೆಲುಬು ದಾಟಿ ಒಳಗೆ ತಲುಪಬೇಕು. ಎರಡು, ತಲುಪಿದ ಮೇಲೆ ಸಣ್ಣ ತೂತು ಮಾಡಿ ಹೊರಟುಹೋಗದೆ ಅಗಲವಾದ ಗಾಯ ಮಾಡಬೇಕು. ಈ ಎರಡಕ್ಕೂ ಜಗಳ. ಬೇಗ ಅಗಲವಾಗೋ ಗುಂಡು ಆಳಕ್ಕೆ ಹೋಗಲ್ಲ. ಆಳಕ್ಕೆ ಹೋಗೋ ಗುಂಡು ಅಗಲವಾಗಲ್ಲ. ಒಂದೇ ತೂಕದ ಎರಡು ಗುಂಡಲ್ಲಿ ತೆಳ್ಳಗೆ ಉದ್ದವಾಗಿರೋದು ಹೆಚ್ಚು ಆಳಕ್ಕೆ ಇಳಿಯುತ್ತದೆ. ಗೋಣಿಚೀಲಕ್ಕೆ ದಬ್ಬಣ ಇಳಿದ ಹಾಗೆ ಸೌಟಿನ ಹಿಡಿ ಇಳಿಯುತ್ತದಾ?

ಈ ಜಗಳ ಬಿಡಿಸೋಕೆ ಕಂಡುಕೊಂಡ ದಾರಿಗೆ ನಮ್ಮ ದೇಶದ ಊರೊಂದರ ಹೆಸರೇ ಅಂಟಿಕೊಂಡಿದೆ. ಕೋಲ್ಕತ್ತ ವಿಮಾನ ನಿಲ್ದಾಣ ಇರೋ ಡಮ್ ಡಮ್‌ನಲ್ಲಿ ಬ್ರಿಟಿಷರ ಮದ್ದುಗುಂಡಿನ ಕಾರ್ಖಾನೆ ಇತ್ತು. 1890ರ ದಶಕದಲ್ಲಿ ಅಲ್ಲಿ .303 ರೈಫಲ್ಲಿನ ಗುಂಡಿನ ತುದಿಯಿಂದ ಲೋಹದ ಕವಚ ತೆಗೆದು, ಒಳಗಿನ ಮೆತ್ತನೆ ಸೀಸ ಕಾಣುವ ಹಾಗೆ ಮಾಡಿದರು. ಮೈಗೆ ತಾಗಿದ ಕೂಡಲೇ ಅದು ಅಣಬೆಯ ಹಾಗೆ ಅರಳುತ್ತಿತ್ತು. ಜಗತ್ತು ಅದನ್ನು ‘ಡಮ್ ಡಮ್ ಗುಂಡು’ ಎಂದೇ ಕರೆಯಿತು. 1899ರ ಹೇಗ್ ಘೋಷಣೆಯಲ್ಲಿ ಹೀಗೆ ಅರಳುವ ಗುಂಡನ್ನು ಯುದ್ಧದಲ್ಲಿ ಬಳಸಬಾರದು ಅಂತಾಯಿತು.

ಬೇಟೆಯಲ್ಲಿ ಮಾತ್ರ ಇದೇ ತಿರುವುಮುರುವು. ಯುದ್ಧದಲ್ಲಿ ನಿಷೇಧವಾದ ಅರಳುವ ಗುಂಡೇ ಹಲವು ಕಡೆ ಜಿಂಕೆ ಬೇಟೆಗೆ ಕಡ್ಡಾಯ. ಪೂರ್ತಿ ಕವಚದ ಸೇನಾ ಗುಂಡು ಜಿಂಕೆಯ ಮೈಯಲ್ಲಿ ಸಣ್ಣ ತೂತು ಮಾಡಿ ಆಚೆ ಹೋಗಿಬಿಡುತ್ತದೆ. ಪ್ರಾಣಿ ಓಡಿ, ಎಲ್ಲೋ ಪೊದೆಯಲ್ಲಿ ನಿಧಾನವಾಗಿ ಸಾಯುತ್ತದೆ. ಸೈನಿಕ ಗಾಯಗೊಂಡು ಹಿಂದೆ ಸರಿದರೆ ಆಸ್ಪತ್ರೆ ಇದೆ. ಜಿಂಕೆಗೆ ಎಲ್ಲಿದೆ ಆಸ್ಪತ್ರೆ?

ನಾಲ್ಕು ಬಗೆಯ ಗುಂಡು

ಅಂಗಡಿಯಲ್ಲಿ ನೂರಾರು ಹೆಸರಿದ್ದರೂ ಮೂಲದಲ್ಲಿ ನಾಲ್ಕೇ ಬಗೆ.

1. ಸಾಫ್ಟ್ ಪಾಯಿಂಟ್: ಸೀಸದ ತಿರುಳು, ತಾಮ್ರದ ಕವಚ, ತುದಿಯಲ್ಲಿ ಸೀಸ ಬಯಲು. ಅಗ್ಗ, ಹಳೆಯದು, ಜಿಂಕೆಯಂಥ ಪ್ರಾಣಿಗೆ ಧಾರಾಳ ಸಾಕು. ದೊಡ್ಡ ಮೂಳೆಗೆ ಅತಿ ವೇಗದಲ್ಲಿ ತಾಗಿದರೆ ಮಾತ್ರ ಚೂರುಚೂರಾಗಬಹುದು.

2. ಗಟ್ಟಿ ಹೆಣಿಗೆಯ ಗುಂಡು: ಸೀಸವನ್ನು ಕವಚಕ್ಕೆ ಬೆಸೆದಿರ್ತಾರೆ, ಅಥವಾ ನಡುವೆ ಲೋಹದ ಗೋಡೆ ಇಟ್ಟಿರ್ತಾರೆ. ಇದರ ಹಿಂದೊಂದು ಒಳ್ಳೇ ಕತೆ ಇದೆ. 1946ರಲ್ಲಿ ಜಾನ್ ನೋಸ್ಲರ್ ಎಂಬ ಅಮೆರಿಕದ ಬೇಟೆಗಾರ ಕೆನಡಾದಲ್ಲಿ ಮೂಸ್ ಎಂಬ ದೈತ್ಯ ಜಿಂಕೆಗೆ ಗುಂಡು ಹೊಡೆದ. ಕೈಯಲ್ಲಿದ್ದದ್ದು ಆ ಕಾಲದ ಶಕ್ತಿಶಾಲಿ ತೋಟಾ, .300 ಹಾಲಂಡ್ ಅಂಡ್ ಹಾಲಂಡ್ ಮ್ಯಾಗ್ನಮ್. ಆದರೂ ಮೂಸ್ ಬೀಳಲಿಲ್ಲ. ಕೆಸರು ಮೆತ್ತಿದ್ದ ದಪ್ಪ ಚರ್ಮಕ್ಕೆ ಬಡಿದ ಗುಂಡು ಮೇಲ್ಮೈಯಲ್ಲೇ ಒಡೆದುಹೋಗಿತ್ತು. ವೇಗ ಹೆಚ್ಚಾಗಿದ್ದೇ ಮುಳುವಾಯಿತು. ಊರಿಗೆ ಬಂದ ನೋಸ್ಲರ್ ನಡುವೆ ಗೋಡೆ ಇರೋ ಗುಂಡು ಮಾಡಿದ. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಕ್ಕೆ ನುಗ್ಗುತ್ತದೆ. 1948ರಿಂದ ಮಾರಾಟಕ್ಕೆ ಬಂದ ಆ ‘ಪಾರ್ಟಿಷನ್’ ಗುಂಡು ಇವತ್ತಿಗೂ ಇದೆ. ಗಮನಿಸಿ, ನೋಸ್ಲರ್ ತೋಟಾ ಬದಲಿಸಲಿಲ್ಲ. ಗುಂಡು ಬದಲಿಸಿದ.

3. ಪೂರ್ತಿ ತಾಮ್ರದ ಗುಂಡು: ಸೀಸವೇ ಇಲ್ಲ. ತುದಿಯಲ್ಲಿ ಸಣ್ಣ ಕುಳಿ, ತಾಗಿದಾಗ ನಾಲ್ಕು ದಳವಾಗಿ ಬಿಚ್ಚಿಕೊಳ್ಳುತ್ತದೆ. ತೂಕ ಹೆಚ್ಚೇನೂ ಕಳೆದುಕೊಳ್ಳದೆ ಆಳಕ್ಕೆ ಹೋಗುತ್ತದೆ. ಬೆಲೆ ಜಾಸ್ತಿ. ವೇಗ ತುಂಬಾ ಇಳಿದಿದ್ದರೆ, ಅಂದ್ರೆ ತುಂಬಾ ದೂರದಲ್ಲಿ, ಸರಿಯಾಗಿ ಅರಳದೆ ಹೋಗಬಹುದು.

4. ಸಾಲಿಡ್: ಅರಳಲೇಬಾರದು ಅಂತ ಮಾಡಿದ ಗುಂಡು. ಆನೆಯ ತಲೆಬುರುಡೆಯಂಥ ಕಡೆಗೆ ಮಾತ್ರ.

ಎಲ್ಕ್ ಮುಂದೆ ನಿಂತರೆ ಯಾವುದು?

ಎಲ್ಕ್ ನಮ್ಮ ಕಡವೆಯ ದೊಡ್ಡಣ್ಣ ಇದ್ದ ಹಾಗೆ. ಬೆಳೆದ ಗಂಡು 300 ಕಿಲೋ ದಾಟುತ್ತದೆ. ಅತಿ ಹೆಚ್ಚು ಎಲ್ಕ್ ಇರೋ ರಾಜ್ಯ ಕೊಲೊರಾಡೊ. ಅಲ್ಲಿಯ ನಿಯಮ ನೋಡಿದರೆ ಸರ್ಕಾರ ಯಾವುದಕ್ಕೆ ಬೆಲೆ ಕೊಡುತ್ತದೆ ಅಂತ ಗೊತ್ತಾಗುತ್ತದೆ. ದೊಡ್ಡ ಪ್ರಾಣಿಗೆ ಕನಿಷ್ಠ .24 ದಪ್ಪದ ಗುಂಡು. ಅರಳುವ ಗುಂಡೇ ಆಗಿರಬೇಕು. ಎಲ್ಕ್ ಮತ್ತು ಮೂಸ್‌ಗೆ ಕನಿಷ್ಠ 85 ಗ್ರೇನ್ ತೂಕ. ನೂರು ಗಜದ ದೂರದಲ್ಲೂ 1,000 ಅಡಿ-ಪೌಂಡ್, ಅಂದ್ರೆ ಸುಮಾರು 1,350 ಜೂಲ್ ಶಕ್ತಿ ಉಳಿದಿರಬೇಕು.

ಇದು ಕಾನೂನಿನ ಹೊಸ್ತಿಲು ಅಷ್ಟೇ. .243 ಈ ಹೊಸ್ತಿಲು ದಾಟುತ್ತದೆ, ಆದರೆ ಎಲ್ಕ್ ಕೋನ ಬದಲಿಸಿ ನಿಂತು ಭುಜದ ಮೂಳೆ ಅಡ್ಡ ಬಂದರೆ ಮಿಗಿಲು ಉಳಿಯೋದು ಕಡಿಮೆ. 6.5 ಕ್ರೀಡ್‌ಮೋರ್, .270 ವಿಂಚೆಸ್ಟರ್, .308 ವಿಂಚೆಸ್ಟರ್ ಗಟ್ಟಿ ಗುಂಡಿನ ಜೊತೆ, ಮಿತ ದೂರದಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. .30-06 ನೂರು ವರ್ಷ ದಾಟಿಯೂ ಉಳಿದಿರೋದು ಸುಮ್ಮನೆ ಅಲ್ಲ. 150ರಿಂದ 220 ಗ್ರೇನ್‌ವರೆಗೆ ಗುಂಡು ಸಿಗುತ್ತದೆ, ಒದೆತ ಹೆಚ್ಚಿನವರು ತಡೆದುಕೊಳ್ಳುವಷ್ಟೇ ಇರುತ್ತದೆ. .300 ವಿಂಚೆಸ್ಟರ್ ಮ್ಯಾಗ್ನಮ್ ಇನ್ನೂ ವೇಗ, ಇನ್ನೂ ದೂರ. ಒದೆತವೂ ಜೋರು.

ಈ ಒದೆತವನ್ನು ಗಂಡಸುತನದ ಪರೀಕ್ಷೆ ಅಂದುಕೊಳ್ಳೋರಿದ್ದಾರೆ. ನಿಜಕ್ಕೂ ಅದು ಗುರಿಯ ಶತ್ರು. ನಾಲ್ಕು ಸಲ ಭುಜಕ್ಕೆ ಗುದ್ದು ತಿಂದ ಮೇಲೆ ಐದನೇ ಸಲ ಟ್ರಿಗರ್ ಒತ್ತೋ ಮೊದಲೇ ಕಣ್ಣು ಮುಚ್ಚಿಕೊಳ್ಳುತ್ತದೆ, ಭುಜ ಹಿಂದೆ ಸರಿಯುತ್ತದೆ. ನಮಗೇ ಗೊತ್ತಾಗದ ಹಾಗೆ. .375ರ ಒದೆತ .30-06ಕ್ಕಿಂತ ಹೆಚ್ಚುಕಡಿಮೆ ದುಪ್ಪಟ್ಟು. ದೊಡ್ಡ ತೋಟಾ ಹಾಕಿ ಹೊಟ್ಟೆಗೆ ಹೊಡೆಯೋದಕ್ಕಿಂತ ಸಾಧಾರಣ ತೋಟಾದಲ್ಲಿ ಎದೆಗೆ ಹೊಡೆಯೋದು ಸಾವಿರ ಪಾಲು ವಾಸಿ.

ದೂರವೂ ಹೀಗೇ. 200 ಗಜಕ್ಕೆ ಹೊಂದಿಸಿದ .30-06ರ ಗುಂಡು 300 ಗಜಕ್ಕೆ ಹೋಗುವಷ್ಟರಲ್ಲಿ ಸುಮಾರು 20 ಸೆಂ.ಮೀ. ಕೆಳಗಿಳಿದಿರುತ್ತದೆ. ಎಲ್ಕ್‌ನ ಹೃದಯ-ಶ್ವಾಸಕೋಶದ ಜಾಗ ದೊಡ್ಡ ಊಟದ ತಟ್ಟೆಯಷ್ಟು. ಗಾಳಿ ಬೀಸುತ್ತಿದೆ, ಗುಡ್ಡ ಹತ್ತಿ ಉಸಿರು ಏದುತ್ತಿದೆ, ಪ್ರಾಣಿ ಒಂದು ಹೆಜ್ಜೆ ಇಟ್ಟಿತು ಅಂದ್ರೆ ತಟ್ಟೆ ತಪ್ಪಿಹೋಯ್ತು. ತೋಟಾ ಎಷ್ಟು ದೂರ ಹೋಗುತ್ತದೆ ಅನ್ನೋದಲ್ಲ ಲೆಕ್ಕ. ನಾನು ಎಷ್ಟು ದೂರಕ್ಕೆ, ಸುಸ್ತಾಗಿದ್ದಾಗಲೂ, ತಟ್ಟೆಯೊಳಗೆ ಹೊಡೆಯಬಲ್ಲೆ ಅನ್ನೋದು.

ಫಿನ್ಲೆಂಡ್‌ನಲ್ಲಿ ಇದಕ್ಕೆ ಪರೀಕ್ಷೆಯೇ ಇದೆ. ಮೂಸ್ ಬೇಟೆಗೆ ಹೋಗಬೇಕಾದರೆ 75 ಮೀಟರ್ ದೂರದ 23 ಸೆಂ.ಮೀ. ವೃತ್ತದೊಳಗೆ ನಾಲ್ಕು ಗುಂಡು ಬೀಳಿಸಿ ತೋರಿಸಬೇಕು. ಡ್ರೈವಿಂಗ್ ಲೈಸೆನ್ಸ್‌ಗೆ ‘ಎಂಟು’ ಹಾಕಿದ ಹಾಗೆ. ಗಾಡಿ ಎಷ್ಟು ಸಿಸಿ ಅಂತ ಅಲ್ಲಿ ಯಾರೂ ಕೇಳಲ್ಲ.

ಆನೆ ಎದುರಿಗಿದ್ದಾಗ

ಎಲ್ಕ್ ತಪ್ಪಿಸಿಕೊಂಡು ಓಡುತ್ತದೆ. ಆಫ್ರಿಕಾದ ಆನೆ, ಸಿಂಹ, ಕೇಪ್ ಬಫೆಲೊ ಎಂಬ ಕಾಡೆಮ್ಮೆ ಗಾಯಗೊಂಡರೆ ತಿರುಗಿ ಬರುತ್ತವೆ. ಹಾಗಾಗಿ ಅಲ್ಲಿಯ ಹಲವು ದೇಶಗಳಲ್ಲಿ ಅಪಾಯಕಾರಿ ಪ್ರಾಣಿಗೆ .375 ಕನಿಷ್ಠ. 1912ರಲ್ಲಿ ಬಂದ .375 ಹಾಲಂಡ್ ಅಂಡ್ ಹಾಲಂಡ್ ಈ ಕಾರಣಕ್ಕೇ ಇವತ್ತಿಗೂ ಓಡುತ್ತಿದೆ. 1909ರಲ್ಲಿ ಆಫ್ರಿಕಾಗೆ ಹೋದ ಅಮೆರಿಕದ ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಸಿಂಹಕ್ಕೆ ನಂಬಿದ್ದು .405 ವಿಂಚೆಸ್ಟರನ್ನು. ಹೌದು, ನಮ್ಮ ಆಂಡರ್ಸನ್ ಕೈಗೆ ಬಂದ ಅದೇ ತೋಟಾ. 300 ಗ್ರೇನ್ ಗುಂಡು, ಸಾಧಾರಣ ವೇಗ. ದೂರಕ್ಕೆ ಸಲ್ಲದು. ಅಟ್ಟಣೆಯ ಮೇಲಿಂದ ಇಪ್ಪತ್ತು ಮೂವತ್ತು ಮೀಟರ್‌ನ ಹುಲಿ ಚಿರತೆಗೆ ಸರಿಹೊಂದೋ ತೋಟಾ ಅದು. ಕೆಲಸಕ್ಕೆ ತಕ್ಕ ಆಯ್ಕೆ ಅಂದ್ರೆ ಇದು.

ಈ ಮಾತಿಗೆ ಎದುರಾಗಿ ಎಲ್ಲರೂ ತರೋ ಹೆಸರು ಡಬ್ಲ್ಯು.ಡಿ.ಎಂ. ಬೆಲ್. ಇಪ್ಪತ್ತನೇ ಶತಮಾನದ ಆರಂಭದಲ್ಲಿ ದಂತಕ್ಕಾಗಿ ಸಾವಿರಕ್ಕೂ ಹೆಚ್ಚು ಆನೆ ಕೊಂದವನು. ಹೆಚ್ಚಿನವನ್ನು ಕೊಂದದ್ದು ಪುಟ್ಟ 7×57ರಿಂದ. ಅಂದ್ರೆ ಕಾರ್ಬೆಟ್ ಅವರ .275 ಬಳಸುವ ಅದೇ ತೋಟಾದಿಂದ. ಆ ಸಂಖ್ಯೆ ಇವತ್ತು ಓದಿದರೆ ಹೊಟ್ಟೆ ತೊಳಸುತ್ತದೆ. ಆದರೆ ಅವನ ವಿಧಾನದಲ್ಲಿ ಒಂದು ಸತ್ಯ ಇದೆ. ಸತ್ತ ಆನೆಯ ತಲೆಯನ್ನು ಕೊಯ್ದು ಮಿದುಳು ಎಲ್ಲಿದೆ, ಯಾವ ಕೋನದಿಂದ ದಾರಿ ಸುಲಭ ಅಂತ ಅವನು ಕಲಿತಿದ್ದ. ಅರಳದ, ತೆಳ್ಳಗಿನ, ಉದ್ದ ಗುಂಡು ಬಳಸುತ್ತಿದ್ದ. ಜಾಗ ಗೊತ್ತಿತ್ತು, ಗುಂಡು ಸರಿಯಿತ್ತು, ತೋಟಾ ಚಿಕ್ಕದಾದರೂ ನಡೆಯಿತು. ಅವನಷ್ಟು ಅಂಗರಚನೆ ತಿಳಿದವರು ಅಪರೂಪ, ಅದಕ್ಕೇ ಕಾನೂನು .375 ಅನ್ನುತ್ತದೆ.

ತಪ್ಪಿದ ಗುಂಡಿನ ಬೆಲೆ

ಗುಂಡು ತಪ್ಪಿದರೆ ಏನಾಗುತ್ತದೆ? ಕುಮಾವೂನಿನ ಚಂಪಾವತ್ ಹೆಣ್ಣುಹುಲಿಯನ್ನು ಕೇಳಬೇಕು. ನೇಪಾಳ ಮತ್ತು ಕುಮಾವೂನಿನಲ್ಲಿ ಒಟ್ಟು 436 ಜನರನ್ನು ಕೊಂದದ್ದು ಅಂತ ಕಾರ್ಬೆಟ್ ದಾಖಲಿಸಿದ್ದಾರೆ. ಕೊಂದ ಮೇಲೆ ಬಾಯಿ ಬಿಡಿಸಿ ನೋಡಿದರೆ ಬಲಗಡೆಯ ಮೇಲಿನ ಕೋರೆಹಲ್ಲು ಅರ್ಧ ಮುರಿದಿತ್ತು, ಕೆಳಗಿನದು ಬುಡದವರೆಗೆ. ಯಾರೋ ಹಿಂದೆ ಹೊಡೆದ ಗುಂಡಿನ ಗಾಯ. ಕಾಡುಪ್ರಾಣಿ ಹಿಡಿಯಲಾಗದೆ ಅದು ಮನುಷ್ಯರ ಕಡೆ ತಿರುಗಿತ್ತು. ಹುಲಿ ನರಭಕ್ಷಕ ಆಗೋಕೆ ಹತ್ತರಲ್ಲಿ ಒಂಬತ್ತು ಸಲ ಗಾಯವೇ ಕಾರಣ, ಉಳಿದ ಒಂದು ಸಲ ಮುಪ್ಪು ಅನ್ನೋದು ಅವರ ಅನುಭವ. ಮುಳ್ಳುಹಂದಿಯ ಮುಳ್ಳು ಕೆಲವು ಗಾಯಕ್ಕೆ ಕಾರಣ. ಉಳಿದದ್ದಕ್ಕೆ ಎಡವಟ್ಟು ಬೇಟೆಗಾರರು.

ಆ ಗುಂಡು ಹೊಡೆದವನ ಹೆಸರು ಯಾರಿಗೂ ಗೊತ್ತಿಲ್ಲ. ಅವನು ಅವತ್ತು ಮನೆಗೆ ಹೋಗಿ ‘ಹುಲಿ ತಪ್ಪಿಸ್ಕೊಳ್ತು’ ಅಂದಿರಬಹುದು ಅಷ್ಟೇ. ಲೆಕ್ಕ ತೆತ್ತದ್ದು ಹುಲ್ಲು, ಸೌದೆಗೆ ಕಾಡಿಗೆ ಹೋದ ಹೆಂಗಸರು, ಮಕ್ಕಳು.

ಇದು ಹಳೇ ಕತೆಯಾಗಿ ಉಳಿದಿಲ್ಲ. ನಮ್ಮ ಕಾಫಿ ತೋಟಗಳ ಸೀಮೆಯಲ್ಲಿ ಕಾಡಾನೆಯ ಮೈಯಲ್ಲಿ ಚರೆ, ಗುಂಡು ಸಿಕ್ಕ ಸುದ್ದಿ ಓದಿದ್ದೇವೆ. ಬೆಳೆ ಹಾಳಾದ ಸಿಟ್ಟು ಅರ್ಥವಾಗುತ್ತದೆ. ಆದರೆ ಚರೆ ಆನೆಯನ್ನು ಕೊಲ್ಲಲ್ಲ, ಓಡಿಸಿಯೂ ಉಳಿಯಲ್ಲ. ಚರ್ಮದಡಿ ಕೂತು ಕೀವಾಗುತ್ತದೆ. ನೋವಿನಲ್ಲಿರೋ ಆನೆ ಮರುದಿನ ಬೆಳಿಗ್ಗೆ ಎದುರಾಗೋದು ಹೊಡೆದವನಿಗಲ್ಲ, ಕೆಲಸಕ್ಕೆ ನಡೆದು ಹೋಗೋ ತೋಟದ ಕಾರ್ಮಿಕರಿಗೆ. ಅಪರಾಧ ಅನ್ನೋದು ಒಂದು ಕಡೆ, ಇದು ಬೇರೆಯವರ ಜೀವದ ಜೊತೆ ಆಟ.

ಸೀಸ ಅಡುಗೆಮನೆಗೂ ಬರುತ್ತೆ

ಸೀಸದ ಗುಂಡು ಅರಳುವಾಗ ಕಣ್ಣಿಗೆ ಕಾಣದ ಚೂರುಗಳು ಗಾಯದ ಸುತ್ತ ಚದುರುತ್ತವೆ. ಎಕ್ಸ್‌-ರೇ ತೆಗೆದರೆ ನಕ್ಷತ್ರ ಚೆಲ್ಲಿದ ಹಾಗೆ ಕಾಣುತ್ತದೆ. ಬೇಟೆಗಾರ ಕಾಡಲ್ಲಿ ಬಿಟ್ಟುಬಂದ ಕರುಳು ತ್ಯಾಜ್ಯವನ್ನು ತಿನ್ನೋ ಹದ್ದುಗಳ ರಕ್ತಕ್ಕೆ ಅದು ಸೇರುತ್ತದೆ. ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ದೊಡ್ಡ ರಣಹದ್ದು 1982ರಲ್ಲಿ ಬರೀ 22 ಉಳಿದಿತ್ತು. ಹಿಡಿದು, ಮರಿ ಮಾಡಿಸಿ, ಮತ್ತೆ ಬಿಟ್ಟರೂ ಸೀಸದ ವಿಷ ಬಿಡಲಿಲ್ಲ. ಕೊನೆಗೆ ಕ್ಯಾಲಿಫೋರ್ನಿಯಾ 2019ರ ಜುಲೈ 1ರಿಂದ ಇಡೀ ರಾಜ್ಯದಲ್ಲಿ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿತು.

ನಮಗಿದು ಪರಿಚಿತ ಪಾಠ. ದನಕ್ಕೆ ಕೊಟ್ಟ ಡೈಕ್ಲೋಫೆನಾಕ್ ನೋವುಮದ್ದು ಸತ್ತ ದನದ ಮೂಲಕ ನಮ್ಮ ರಣಹದ್ದುಗಳನ್ನು ಮುಗಿಸಿತು. 2006ರಲ್ಲಿ ಪಶುಚಿಕಿತ್ಸೆಗೆ ಅದನ್ನು ನಿಷೇಧಿಸುವಷ್ಟರಲ್ಲಿ ಬಹಳ ತಡವಾಗಿತ್ತು. ರಾಮನಗರದ ರಾಮದೇವರ ಬೆಟ್ಟದಲ್ಲಿ ಉಳಿದ ಕೆಲವನ್ನು ಕಾಯೋಕೆ ಅಭಯಧಾಮವೇ ಬೇಕಾಯಿತು. ಅಲ್ಲಿ ಔಷಧಿ, ಇಲ್ಲಿ ಗುಂಡು. ದಾರಿ ಒಂದೇ.

ಅದೇ ಮಾಂಸ ಮನೆಯ ಊಟಕ್ಕೂ ಬರುತ್ತದೆ. ಕೊಲೊರಾಡೊದಲ್ಲಿ ತಿನ್ನಬಹುದಾದ ಮಾಂಸವನ್ನು ಕಾಡಲ್ಲಿ ಬಿಟ್ಟು ಬರೋದೇ ಅಪರಾಧ. ಹಾಗಾಗಿ ಫ್ರೀಜರ್ ತುಂಬುತ್ತದೆ. ಸೀಸ ಮಕ್ಕಳ ಮಿದುಳಿಗೆ, ಗರ್ಭಿಣಿಯರಿಗೆ ಅಪಾಯ. ಗೆಳೆಯರ ಮನೆಯಲ್ಲಿ ಎಲ್ಕ್ ಸಾರು ಬಡಿಸಿದರೆ ‘ಯಾವ ಗುಂಡು?’ ಅಂತ ಕೇಳೋದು ಅಗೌರವ ಅಲ್ಲ. ತಾಮ್ರದ ಗುಂಡು ಆರಿಸೋಕೆ ಇದೊಂದೇ ಕಾರಣ ಸಾಕು.

ಅಲ್ಲಿರೋ ನಮ್ಮವರಿಗೆ ನಾಲ್ಕು ಮಾತು

• ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿ ಅಮೆರಿಕದಲ್ಲಿರೋರು ಕೋವಿ, ತೋಟಾ ಇಟ್ಟುಕೊಳ್ಳೋದು ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ರಾಜ್ಯದ ಬೇಟೆ ಲೈಸೆನ್ಸ್ ಪಡೆದವರಿಗೆ ವಿನಾಯಿತಿ ಇದೆ. ‘ಸುಮ್ಮನೆ ಹಿಡ್ಕೊ’ ಅಂತ ಗೆಳೆಯ ಕೈಗಿಟ್ಟರೂ ಮೊದಲು ನಿಯಮ ನೋಡಿ.

• ಕೊಲೊರಾಡೊದಲ್ಲಿ 1949ರ ಜನವರಿ 1 ಅಥವಾ ಆಮೇಲೆ ಹುಟ್ಟಿದ ಎಲ್ಲರಿಗೂ ಬೇಟೆ ಶಿಕ್ಷಣದ ಕೋರ್ಸ್ ಕಡ್ಡಾಯ. ಅಂದ್ರೆ ನಿಮಗೂ.

• ರೈಫಲ್ ನಳಿಗೆಯ ಮೇಲೆ ಕೆತ್ತಿರೋ ಹೆಸರಿನ ತೋಟಾ ಮಾತ್ರ ಬಳಸಬೇಕು. .308 ಮತ್ತು .30-06ರ ಗುಂಡಿನ ದಪ್ಪ ಒಂದೇ, ಆದರೆ ತೋಟಾ ಬೇರೆ. ಅದಲುಬದಲಾದರೆ ಕೈ, ಕಣ್ಣಿಗೆ ಅಪಾಯ.

• ಊರಿಗೆ ಬರೋ ಮೊದಲು ಬ್ಯಾಗಿನ ಮೂಲೆ ಮೂಲೆ ನೋಡಿ. ಜರ್ಕಿನ್ ಜೇಬಿನಲ್ಲಿ ಮರೆತ ಒಂದೇ ಒಂದು ತೋಟಾ ಸಿಕ್ಕರೂ ನಮ್ಮ ವಿಮಾನ ನಿಲ್ದಾಣದಲ್ಲಿ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಸ್ ಆಗುತ್ತದೆ.

ಆಯ್ಕೆಯ ಕ್ರಮ

ಹಾಗಾದರೆ ಯಾವ ತೋಟಾ ಒಳ್ಳೇದು? ಕ್ರಮ ಸರಿಯಿದ್ದರೆ ಉತ್ತರ ತಾನಾಗೇ ಬರುತ್ತದೆ. ಮೊದಲು ಪ್ರಾಣಿ ಯಾವುದು, ಅದರ ಹೃದಯ ಎಲ್ಲಿದೆ. ಆಮೇಲೆ ಅಲ್ಲಿಗೆ ತಲುಪಿ ಅರಳೋ ಗುಂಡು ಯಾವುದು. ಆಮೇಲೆ ಆ ಗುಂಡನ್ನು ಸಾಕಷ್ಟು ವೇಗದಲ್ಲಿ, ನಾನು ಕಣ್ಣು ಮುಚ್ಚದೆ ತಡೆಯೋ ಒದೆತದಲ್ಲಿ ಕಳಿಸೋ ತೋಟಾ ಯಾವುದು. ರೈಫಲ್ಲಿನ ಅಂದ, ಹೆಸರು, ಸದ್ದು ಎಲ್ಲ ಕೊನೆಗೆ. ಅಂಗಡಿಗೆ ಹೋಗೋ ಬಹಳ ಜನ ಈ ಪಟ್ಟಿಯನ್ನು ತಲೆಕೆಳಗೆ ಓದುತ್ತಾರೆ.

ಮತ್ತೆ ಇನ್ನೊಂದು ಆಯ್ಕೆ ಯಾವ ಪೆಟ್ಟಿಗೆಯ ಮೇಲೂ ಬರೆದಿರಲ್ಲ. ದೂರ ಜಾಸ್ತಿ, ಕೋನ ಸರಿಯಿಲ್ಲ, ಬೆಳಕು ಇಳಿದಿದೆ ಅಂದಾಗ ಟ್ರಿಗರ್‌ನಿಂದ ಬೆರಳು ತೆಗೆಯೋದು. ಹಾರಿಸದೆ ಉಳಿದ ತೋಟಾ ಯಾವ ಪ್ರಾಣಿಯನ್ನೂ ನರಳಿಸಲ್ಲ, ಯಾವ ಹುಲಿಯ ಹಲ್ಲನ್ನೂ ಮುರಿಯಲ್ಲ.

*ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಕೇಪಿನ ಕೋವಿ, ತೋಟಾ ಕೋವಿ ಇತ್ತಾ? ಅದರ ಸುತ್ತ ಮನೆಯವರು ಹೇಳ್ತಿದ್ದ ಕತೆ ಇದ್ದರೆ ಓದುಗರ ಅಂಕಣಕ್ಕೆ ಬರೆದು ಕಳಿಸಿ.*